ಒಂದು ರಾತ್ರಿಯ ಡಿಜೆ ದುಡ್ಡಲ್ಲಿ ನಮ್ಮ ತಮಟೆ ನಮ್ಮ ಮನೇಲೇ ರೆಕಾರ್ಡ್ ಆಗುತ್ತೆ



ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವಾದಾಗ ಓದಿ. ಊರೂರಲ್ಲಿ ಹಾಡೋ ತಂಡ ಇಟ್ಕೊಂಡಿರೋರು, ಸಂಘದ ಲೆಕ್ಕ ನೋಡ್ಕೊಳ್ಳೋರು ಮಾತ್ರ ಪೂರ್ತಿ ಓದಲೇಬೇಕು.

ಕಳೆದ ಭಾನುವಾರ ನಮ್ಮೂರಲ್ಲಿ ಏಪ್ರಿಲ್ 14ರ ಜಯಂತಿಗೆ ಸಭೆ ಕರೆದಿದ್ವಿ. ಹೂವು, ಫ್ಲೆಕ್ಸು, ಊಟ ಎಲ್ಲ ಮುಗಿದು ಮಾತು ಡಿಜೆಗೆ ಬಂತು. ಗಾಡಿ, ಬಾಕ್ಸು, ಲೈಟು, ಜನರೇಟರ್ ಎಲ್ಲ ಸೇರಿ ಒಂದು ರಾತ್ರಿಗೆ 55,000. ಯಾರೂ ಬೆಲೆ ಜಾಸ್ತಿ ಆಯ್ತು ಅನ್ನಲಿಲ್ಲ. ನಾನು ಎದ್ದು ನಿಂತು, "ಈ ಸಲ ಡಿಜೆ ಬೇಡ, ಅದೇ ದುಡ್ಡಲ್ಲಿ ನಮ್ಮ ತಂಡದ ಹಾಡು ರೆಕಾರ್ಡ್ ಮಾಡೋ ಸಾಮಾನು ತಗೊಳ್ಳೋಣ" ಅಂದೆ. ಸಭೆ ಒಂದು ಕ್ಷಣ ಸುಮ್ಮನಾಯ್ತು. ಆಮೇಲೆ ಹಿಂದೆ ಕೂತಿದ್ದ ಹುಡುಗನೊಬ್ಬ ಕೇಳಿದ: "ಅಣ್ಣ, ಎಲ್ರ ಕೈಲೂ ಮೊಬೈಲ್ ಐತಲ್ಲ, ಅದ್ರಲ್ಲೇ ಮಾಡಿದ್ರೆ ಆಗಲ್ವಾ?"

ಒಳ್ಳೆ ಪ್ರಶ್ನೆ. ಅಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ನಮ್ಮ ಚಿಕ್ಕಪ್ಪನ ವಿಷಯ ಹೇಳಬೇಕು. ಐವತ್ತು ವರ್ಷ ತಮಟೆ ಬಾರಿಸಿದ ಮನುಷ್ಯ. ಜಾತ್ರೆಗೊಂದು ಗತ್ತು, ಮದುವೆಗೊಂದು, ಹೆಣದ ಮುಂದೆ ಒಂದು, ಕುಣಿಯೋರ ಕಾಲಿಗೆ ತಕ್ಕಂಗೆ ಇನ್ನೊಂದು. ಕೇಳಿದ್ರೆ "ಲೆಕ್ಕ ಯಾವನಿಟ್ಟವ್ನೆ ಮಗ" ಅಂತಿದ್ದ. ಎರಡು ವರ್ಷದ ಹಿಂದೆ ತೀರಿಕೊಂಡ. ಆಮೇಲೆ ಮನೆಯವರೆಲ್ಲ ಫೋನು ಹುಡುಕಿದ್ವಿ. ಸಿಕ್ಕಿದ್ದು ಒಂದೇ ಒಂದು ವಿಡಿಯೋ, 1 ನಿಮಿಷ 40 ಸೆಕೆಂಡು. ಅದರಲ್ಲಿ ಅವನ ಕೈ ಕಾಣುತ್ತೆ. ಕೇಳೋದು ಮಾತ್ರ ಹಿಂದಿನ ಡಿಜೆ. ಐವತ್ತು ವರ್ಷದ ವಿದ್ಯೆಗೆ ಉಳಿದಿರೋ ಸಾಕ್ಷಿ ಅಷ್ಟೇ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡ್ವಿ. ಹಾಕಲೇಬೇಕಾಗಿತ್ತು, ಅಷ್ಟು ದೊಡ್ಡ ಗೌರವ. ಆದರೆ ಎದೆ ಮುಟ್ಟಿಕೊಂಡು ಹೇಳಿ, ನಿಮ್ಮೂರಿನ ತಮಟೆಯವರದ್ದು ಅರ್ಧ ಗಂಟೆ ಸ್ವಚ್ಛವಾದ ರೆಕಾರ್ಡಿಂಗ್ ಯಾರ ಹತ್ತಿರ ಇದೆ?

ಈಗ ಮೊಬೈಲ್ ಪ್ರಶ್ನೆಗೆ ಬರ್ತೀನಿ. ಫೋನಿನ ಮೈಕು ಇರೋದು ಮಾತು ಹಿಡಿಯೋಕೆ. ಜೋರು ಸದ್ದು ಬಂದ ಕೂಡಲೇ ಅದು ತಾನಾಗೇ ಶಬ್ದ ಇಳಿಸುತ್ತೆ, ಸದ್ದು ನಿಂತ ಕೂಡಲೇ ಏರಿಸುತ್ತೆ. ತಮಟೆಯ ಒಂದು ಪೆಟ್ಟು ಬಿದ್ದರೆ ಹಾಡೋಳ ದನಿ ಮುಳುಗುತ್ತೆ, ಪೆಟ್ಟು ನಿಂತರೆ ಬೀದಿಯ ಆಟೋ ಸದ್ದು ಮೇಲೆ ಬರುತ್ತೆ. ಫೋನಿನ ಲೆಕ್ಕದಲ್ಲಿ ಮಾತು ಮುಖ್ಯ, ತಮಟೆ ಗಲಾಟೆ. ಊರಿನವರ ಲೆಕ್ಕವೂ ಹಿಂಗೇ ಇತ್ತಲ್ಲ ಅಂತ ನಗು ಬರುತ್ತೆ. ಕೆಲವು ಆ್ಯಪಲ್ಲಿ ಈ ಏರಿಳಿತ ಆಫ್ ಮಾಡಬಹುದು, ಆಗ ಸ್ವಲ್ಪ ವಾಸಿ. ಏನೂ ಇಲ್ಲದೇ ಇರೋದಕ್ಕಿಂತ ಫೋನ್ ಸಾವಿರ ಪಾಲು ಮೇಲು, ನಾಳೆನೇ ಮಾಡಿ. ಆದರೆ ತಮಟೆಯೂ ಹಾಡೂ ಬೇರೆ ಬೇರೆಯಾಗಿ ಉಳಿದು, ಆಮೇಲೆ ಹದ ಮಾಡಿ ಹೊರಗೆ ಬಿಡೋ ಹಂಗೆ ಬೇಕು ಅಂದ್ರೆ ಫೋನ್ ಸಾಲಲ್ಲ.

ಹಂಗಾದ್ರೆ ಸ್ಟುಡಿಯೋಗೆ ಹೋಗಬಹುದಲ್ಲ ಅಂತೀರಾ? ಹೋಗಿದ್ವಿ.

ಆರು ವರ್ಷದ ಹಿಂದೆ ಚಂದಾ ಎತ್ತಿ, ಎಂಟು ಜನ ಬೆಂಗಳೂರಿನ ಒಂದು ಸ್ಟುಡಿಯೋಗೆ ಹೋದ್ವಿ. ಗಂಟೆ ಲೆಕ್ಕದ ಬಾಡಿಗೆ. ಒಳಗೆ ತಮಟೆ ಕಾಯಿಸೋಕೆ ಬೆಂಕಿ ಹಾಕೋ ಹಂಗಿಲ್ಲ. ಎಸಿ ತಂಪಿಗೆ ಚರ್ಮ ಸಡಿಲಾಗಿ ತಮಟೆ ಡಬ್ ಡಬ್ ಅಂತಿತ್ತು. ಅಲ್ಲಿದ್ದ ಎಂಜಿನಿಯರ್ ಕೇಳಿ ಮುಖ ಸಿಂಡರಿಸಿಕೊಂಡು, "ಇದು ಬೇಡ ಸಾರ್, ಪ್ಯಾಡಲ್ಲಿ ಒಳ್ಳೆ ಸೌಂಡ್ ಇದೆ, ಹಾಕ್ತೀನಿ" ಅಂದ. ನಮ್ಮ ಹುಡುಗರು ತಮಟೆ ಹಿಡ್ಕೊಂಡು ಹೊರಗಿನ ಬೆಂಚಲ್ಲಿ ಕೂತರು. ಒಳಗೆ ಕಂಪ್ಯೂಟರ್ ತಮಟೆ ಬಾರಿಸ್ತು. ಹಾಡು ಹೊರಗೆ ಬಂತು, ಚೆನ್ನಾಗೂ ಇತ್ತು. ಆದರೆ ಅದು ನಮ್ಮ ತಂಡ ಆಗಿರಲಿಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ಮೂರು ತಿಂಗಳಾದ ಮೇಲೆ ಆ ಹಾಡನ್ನ ನಮ್ಮ ಚಾನೆಲ್‌ಗೆ ಹಾಕಿದ್ರೆ ಕಾಪಿರೈಟ್ ಕ್ಲೇಮ್ ಬಂತು. ನಾವೇ ಬರೆದ ಹಾಡು, ನಾವೇ ಹಾಡಿದ್ದು, ದುಡ್ಡೂ ನಮ್ಮದು! ವಿಚಾರಿಸಿದ್ರೆ, ಬಿಲ್ಲಿನ ಜೊತೆ ಎರಡು ಪುಟ ಇಂಗ್ಲಿಷ್ ಕಾಗದ ಕೊಟ್ಟಿದ್ರು, ಅದರಲ್ಲಿ ಬರೆದಿತ್ತು. ಅದಕ್ಕೆ ಸಹಿ ಹಾಕಿದ್ದು ಯಾರು? ನಾನೇ. ಆಫೀಸಲ್ಲಿ ದಿನಕ್ಕೆ ಮೂವತ್ತು ಫೈಲು ಓದೋ ಗುಮಾಸ್ತ, ನಮ್ಮ ಜನರ ಹಾಡಿನ ಕಾಗದ ಮಾತ್ರ ಓದದೆ ಸಹಿ ಹಾಕಿದೆ. ಈ ತಪ್ಪನ್ನ ಇಲ್ಲಿವರೆಗೂ ಬಹಿರಂಗವಾಗಿ ಹೇಳಿರಲಿಲ್ಲ. ಇವತ್ತು ಹೇಳ್ತಿದೀನಿ, ನೀವು ಮಾಡಬೇಡಿ ಅಂತ.

1957ರ ಕಾಪಿರೈಟ್ ಕಾಯ್ದೆಯಲ್ಲಿ ಒಂದು ಮಾತಿದೆ, ಎಲ್ಲ ತಂಡದವರಿಗೂ ಗೊತ್ತಿರಬೇಕು. ಹಾಡಿನ ಸಾಹಿತ್ಯದ ಹಕ್ಕು ಬೇರೆ, ರಾಗದ ಹಕ್ಕು ಬೇರೆ, ಆ ರೆಕಾರ್ಡಿಂಗಿನ ಹಕ್ಕು ಬೇರೆ. ರೆಕಾರ್ಡಿಂಗಿನ ಕರ್ತೃ ಅಂತ ಕಾನೂನು ಗುರುತಿಸೋದು ಹಾಡಿದವರನ್ನಲ್ಲ, ನಿರ್ಮಾಪಕನನ್ನ. ಅಂದ್ರೆ ರೆಕಾರ್ಡ್ ಮಾಡೋಕೆ ಮುಂದಾಗಿ ಅದರ ಜವಾಬ್ದಾರಿ ಹೊತ್ತವನನ್ನ. ಆ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ನಡೆಯುತ್ತೆ. ಹಾಡಿದವರಿಗೆ, ಬಾರಿಸಿದವರಿಗೆ ಕಲಾವಿದರ ಹಕ್ಕು ಅಂತ ಬೇರೆ ಇದೆ, ಅದು 50 ವರ್ಷ. 2012ರ ತಿದ್ದುಪಡಿ ಅದನ್ನ ಇನ್ನಷ್ಟು ಗಟ್ಟಿ ಮಾಡಿದೆ. ಆದರೆ ಕಾಗದಕ್ಕೆ ಸಹಿ ಬಿದ್ದ ಮೇಲೆ ಹಕ್ಕು ಹುಡುಕಿಕೊಂಡು ಹೋಗೋ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ? ಅದರ ಬದಲು ಗುಂಡಿ ಒತ್ತೋ ಕೈ, ಜವಾಬ್ದಾರಿ ಹೊರೋ ಹೆಗಲು ನಮ್ಮದೇ ಆಗಿದ್ರೆ ಜಗಳವೇ ಇಲ್ಲ. ನಾನು ಮನೇಲೇ ರೆಕಾರ್ಡ್ ಮಾಡೋಣ ಅನ್ನೋದು ಖರ್ಚು ಉಳಿಸೋಕೆ ಮಾತ್ರ ಅಲ್ಲ.

ಇನ್ನೊಂದು ಕಾರಣ ನಮ್ಮ ಹೆಣ್ಣುಮಕ್ಕಳು. ನಮ್ಮ ತಂಡದ ಜೀವಾಳ ನಮ್ಮ ಅತ್ತಿಗೆಯ ದನಿ. ನಾಟಿ ಪದದಿಂದ ಹಿಡಿದು ಬಾಬಾಸಾಹೇಬರ ಮೇಲಿನ ಹಾಡಿನವರೆಗೂ ಹಾಡ್ತಾರೆ. ಸ್ಟುಡಿಯೋಗೆ ಅವರು ಬರಲೇ ಇಲ್ಲ. ಎರಡು ದಿನ ಕೂಲಿ ಬಿಡಬೇಕು, ಮಕ್ಕಳನ್ನ ಯಾರು ನೋಡ್ಕೋತಾರೆ, ರಾತ್ರಿ ಎಲ್ಲಿ ಉಳ್ಕೋಬೇಕು? ಹಂಗಾಗಿ ಆ ಹಾಡಲ್ಲಿ ಅವರ ದನಿ ಇಲ್ಲ. ಮನೇಲಾದ್ರೆ ರಾತ್ರಿ ಒಂಬತ್ತಕ್ಕೆ ಪಾತ್ರೆ ತೊಳೆದಿಟ್ಟು ಬಂದು ಹಾಡಿ ಹೋಗ್ತಾರೆ.

ಸರಿ, ಸಾಮಾನಿಗೆ ಬರೋಣ. ಇಲ್ಲೂ ನಾವು ಮೊದಲು ಎಡವಿದ್ವಿ.

ಸ್ಟುಡಿಯೋ ಅನುಭವ ಆದ ಮೇಲೆ ಹಠಕ್ಕೆ ಬಿದ್ದು 18,000 ಕೂಡಿಸಿದ್ವಿ. ಯೂಟ್ಯೂಬಲ್ಲಿ ನೋಡಿದ್ವಿ, ಎಲ್ರ ಮುಂದೆಯೂ ಒಂದು ದಪ್ಪ ಮೈಕು. ಕಂಡೆನ್ಸರ್ ಮೈಕು ಅಂತಾರೆ ಅದಕ್ಕೆ. ಅದನ್ನೇ ತಂದ್ವಿ. ಜೊತೆಗೆ ಎರಡು ಮೈಕು ಚುಚ್ಚೋ ಆಡಿಯೋ ಇಂಟರ್ಫೇಸು, ಅಂದ್ರೆ ಮೈಕಿನ ಸದ್ದನ್ನ ಲ್ಯಾಪ್‌ಟಾಪಿಗೆ ಕಳಿಸೋ ಡಬ್ಬಿ. ಲ್ಯಾಪ್‌ಟಾಪು ಸ್ನೇಹಿತರೊಬ್ಬರದ್ದು, ಎರವಲು. ನಾಲ್ಕು ತಮಟೆ ಒಟ್ಟಿಗೆ ಬಿದ್ದಾಗ ಬಂದಿದ್ದು ತಮಟೆ ಅಲ್ಲ, ಗೋಣಿಚೀಲ ಹರಿದಂಗೆ ಚರ್ ಚರ್ ಸದ್ದು. ಶಬ್ದ ಪೂರ್ತಿ ಇಳಿಸಿದ್ರೂ ಒಡೀತಿತ್ತು. ಜೊತೆಗೆ ಪಕ್ಕದ ಮನೆ ಕುಕ್ಕರ್ ವಿಷಲ್ಲು, ನಾಯಿ, ಫ್ಯಾನು, ಎಲ್ಲ ಸ್ಪಷ್ಟ!

ಮೈಕು ಕೆಟ್ಟಿರಲಿಲ್ಲ. ಆರಿಸಿದ್ದೇ ತಪ್ಪು. ಕಂಡೆನ್ಸರ್ ಮೈಕಿನ ಪೊರೆ ಬಲು ತೆಳು, ಸೂಕ್ಷ್ಮ. ಅದಕ್ಕೆ 48 ವೋಲ್ಟ್ ಕರೆಂಟು ಬೇರೆ ಕೊಡಬೇಕು. ಗೋಡೆಗೆಲ್ಲ ಸ್ಪಂಜು ಬಡಿದ, ನಿಶ್ಶಬ್ದವಾದ ಕೋಣೇಲಿ ಮೆಲ್ಲಗೆ ಹಾಡೋರಿಗೆ ಅದು ಚೆನ್ನ. ಕೇರಿ ಮನೇಲಿ ತಮಟೆಗೆ ಬೇಕಾಗಿರೋದು ಡೈನಾಮಿಕ್ ಮೈಕು. ಒಳಗೆ ಒಂದು ಅಯಸ್ಕಾಂತ, ಒಂದು ತಂತಿ ಸುರುಳಿ, ಅಷ್ಟೇ. ಕರೆಂಟು ಕೇಳಲ್ಲ. ಎಷ್ಟು ಜೋರು ಬಾರಿಸಿದ್ರೂ ತಡ್ಕೊಳ್ಳುತ್ತೆ. ದೂರದ ಸದ್ದಿಗೆ ಅಷ್ಟಾಗಿ ಕಿವಿ ಕೊಡಲ್ಲ. ಸಭೆ ಸಮಾರಂಭದಲ್ಲಿ ಭಾಷಣಕ್ಕೆ ಕೊಡ್ತಾರಲ್ಲ ಜಾಲರಿ ತಲೆ ಮೈಕು, ಅದೇ ಜಾತಿಯದು. (ಈ ಒಂದು ಕಡೆ ಜಾತಿ ಅನ್ನೋ ಪದಕ್ಕೆ ನನ್ನ ತಕರಾರಿಲ್ಲ.)

ಶೂರ್ ಕಂಪನಿಯ ಎಸ್‌ಎಂ57 ಬಂದಿದ್ದು 1965ರಲ್ಲಿ, ಎಸ್‌ಎಂ58 ಬಂದಿದ್ದು 1966ರಲ್ಲಿ. ಅರವತ್ತು ವರ್ಷ ಆದ್ರೂ ಜಗತ್ತಿನ ತುಂಬ ಅವೇ ನಡೀತಿವೆ. ಎರಡೂ ಅಣ್ಣ ತಮ್ಮ ಇದ್ದಂಗೆ. 57 ವಾದ್ಯಕ್ಕೆ, 58 ಹಾಡೋಕೆ. ಅಷ್ಟು ದುಡ್ಡಿಲ್ಲ ಅಂದ್ರೆ ಬೆಹ್ರಿಂಗರ್ ಎಕ್ಸ್‌ಎಂ8500 ಥರದ ಅಗ್ಗದ ಡೈನಾಮಿಕ್ ಮೈಕಲ್ಲೂ ಶುರು ಮಾಡಬಹುದು. ಒಂದು ಎಚ್ಚರ: 58ಕ್ಕೆ ನಕಲಿ ಬಹಳ. ತೀರಾ ಕಮ್ಮಿ ಬೆಲೆ ಹೇಳಿದ್ರೆ ಅನುಮಾನ ಪಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಮಾರೋರ ಮುಂದೆನೇ ಚುಚ್ಚಿ, ಹೆಡ್‌ಫೋನ್ ಹಾಕಿ ಕೇಳಿ. ಕೇಬಲ್ ಅಲ್ಲಾಡಿಸಿ ನೋಡಿ, ಗರ್ ಗರ್ ಅಂದ್ರೆ ವಾಪಸ್ ಕೊಡಿ.

ಎರಡನೇದು, ಸದ್ದು ಯಾವುದಕ್ಕೆ ತುಂಬಬೇಕು ಅನ್ನೋದು. ಎರಡು ದಾರಿ ಇದೆ. ಒಂದು ಲ್ಯಾಪ್‌ಟಾಪು ಮತ್ತು ಇಂಟರ್ಫೇಸು. ಇನ್ನೊಂದು ಲ್ಯಾಪ್‌ಟಾಪೇ ಬೇಡದ, ಮೆಮೊರಿ ಕಾರ್ಡಿಗೆ ನೇರವಾಗಿ ತುಂಬೋ ರೆಕಾರ್ಡರ್. ಸ್ವಂತ ಒಳ್ಳೆ ಲ್ಯಾಪ್‌ಟಾಪ್ ಇದ್ದೋರು ನಾಲ್ಕು ಮೈಕಿನ ಇಂಟರ್ಫೇಸ್ ತಗೊಳ್ಳಿ. ಬೆಹ್ರಿಂಗರ್ ಯುಎಂಸಿ404ಎಚ್‌ಡಿ ಅಂತದ್ದು. ನೆನಪಿಡಿ, ಎರಡು ಮೈಕಿನದ್ದು ಒಬ್ಬರು ಗಿಟಾರ್ ಹಿಡಿದು ಹಾಡೋಕೆ ಸಾಕು, ತಂಡಕ್ಕೆ ಸಾಲಲ್ಲ. ತೂತು ಎಣಿಸಿ ತಗೊಳ್ಳಿ.

ನನ್ನ ಅಭಿಪ್ರಾಯ ಕೇಳಿದ್ರೆ ನಮ್ಮಂಥ ತಂಡಕ್ಕೆ ರೆಕಾರ್ಡರೇ ಸರಿ. ಎರವಲು ಲ್ಯಾಪ್‌ಟಾಪ್ ಬೇಕಾದಾಗ ಸಿಗಲ್ಲ. ಸಿಕ್ಕಿದ್ರೂ ಅದರ ಫ್ಯಾನಿನ ಸದ್ದು, ಹಾಡಿನ ಮಧ್ಯೆ ಅಪ್‌ಡೇಟು. ಕರೆಂಟ್ ಹೋದ್ರೆ ಎಲ್ಲ ನಿಲ್ಲುತ್ತೆ. ನಾವು ತಗೊಂಡಿದ್ದು ಝೂಮ್ ಎಚ್6, ಹಳೇ ಮಾಡೆಲ್ಲು, ಸೆಕೆಂಡ್ ಹ್ಯಾಂಡು. ನಾಲ್ಕು ಮೈಕು ಚುಚ್ಚಬಹುದು, ತಲೆ ಮೇಲೆ ಎರಡು ಮೈಕು ಅದಕ್ಕೇ ಇದೆ. ಗಡಿಯಾರಕ್ಕೆ ಹಾಕ್ತೀವಲ್ಲ ಪೆನ್ಸಿಲ್ ಸೆಲ್ಲು, ಅಂಥ ನಾಲ್ಕರಲ್ಲಿ ನಡೆಯುತ್ತೆ. ಒಂದೊಂದು ಮೈಕಿನ ಸದ್ದೂ ಬೇರೆ ಬೇರೆ ಫೈಲಾಗಿ ಉಳಿಯುತ್ತೆ. ಮುಖ್ಯವಾಗಿ ಅದು ಜೋಳಿಗೇಲಿ ಹಿಡಿಯುತ್ತೆ. ಹಾಸಿಗೆ ಹಿಡಿದಿರೋ ಅಜ್ಜಿ ಹತ್ತಿರಕ್ಕೆ ಸ್ಟುಡಿಯೋನೇ ಹೋಗುತ್ತೆ.

ಹೊಸ ರೆಕಾರ್ಡರುಗಳಲ್ಲಿ 32 ಬಿಟ್ ಫ್ಲೋಟ್ ಅಂತ ಬಂದಿದೆ. ಅದರಲ್ಲಿ ಸದ್ದಿನ ಮಟ್ಟ ಹೆಚ್ಚುಕಮ್ಮಿ ಆದ್ರೂ ಆಮೇಲೆ ಸರಿ ಮಾಡಬಹುದು. ದುಡ್ಡಿದ್ರೆ ತಗೊಳ್ಳಿ. ಇಲ್ಲದಿದ್ರೆ ನಷ್ಟ ಏನಿಲ್ಲ. ಹಳೇದರಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಅಂತ ಇಟ್ಟು, ತಂಡಕ್ಕೆ ಅತಿ ಜೋರಾಗಿ ಬಾರಿಸೋಕೆ ಹೇಳಿ, ಮೀಟರಿನ ಮುಳ್ಳು ಮೈನಸ್ 12ರ ಆಸುಪಾಸಲ್ಲಿ ನಿಲ್ಲೋ ಹಂಗೆ ಇಟ್ಟುಬಿಡಿ. ರೆಕಾರ್ಡಿಂಗ್ ಶುರುವಾದ ಮೇಲೆ ಎಲ್ರಿಗೂ ಹುರುಪು ಬಂದು ಇನ್ನೂ ಜೋರಾಗುತ್ತೆ. ಆ ಹುರುಪಿಗೆ ಜಾಗ ಬಿಟ್ಟಿರಬೇಕು.

ಮೂರನೇದು ಹೆಡ್‌ಫೋನು. ಕಿವಿ ಪೂರ್ತಿ ಮುಚ್ಚೋ, ವೈರಿಂದು. ಬ್ಲೂಟೂತ್ ಬೇಡ, ಸದ್ದು ತಡವಾಗಿ ಬರುತ್ತೆ. ಆಡಿಯೋ ಟೆಕ್ನಿಕಾ ಎಂ20ಎಕ್ಸ್ ಥರದ್ದು ಸಾಕು.

ನಮ್ಮ ಪೂರ್ತಿ ಲೆಕ್ಕ ಇಡ್ತೀನಿ, ಗುಮಾಸ್ತನ ಅಭ್ಯಾಸ:

ರೆಕಾರ್ಡರ್ (ಹಳೇದು) – 17,000
57 ಮೈಕು ಎರಡು (ಹಳೇವು) – 13,000
ಸ್ಟ್ಯಾಂಡ್ ಮೂರು – 3,600
ಕೇಬಲ್ ನಾಲ್ಕು – 2,000
ಹೆಡ್‌ಫೋನ್ – 4,000
ಕಾರ್ಡು, ಹಾರ್ಡ್ ಡಿಸ್ಕು – 4,500
ಒಟ್ಟು – 44,100

ಹಾಡೋಕೆ 58 ಮೈಕು ಸಂಘದ ಸ್ಪೀಕರ್ ಸೆಟ್ಟಲ್ಲೇ ಇತ್ತು. ಮೊದಲು ತಂದ ಕಂಡೆನ್ಸರ್ ಮೈಕನ್ನ ಮಾರಿಲ್ಲ, ತಮಟೆ ಇಲ್ಲದೆ ಅಜ್ಜಿಯರು ಮೆಲ್ಲಗೆ ಸೋಬಾನೆ ಹಾಡೋವಾಗ ಅದೇ ಚೆಂದ. ನಾನೂ ಗೆಳೆಯರು ನಾಲ್ಕು ಜನವೂ ಎರಡು ವರ್ಷ ತಿಂಗಳು ತಿಂಗಳು ಹಾಕಿ ಇಷ್ಟು ಜೋಡಿಸಿದ್ವಿ. ಇದರಲ್ಲಿ ಈಗ ಹನ್ನೊಂದು ಹಾಡು ರೆಕಾರ್ಡ್ ಆಗಿದೆ. ಹಂಗಾದ್ರೆ ಡಿಜೆ ದುಡ್ಡಲ್ಲಿ ಮತ್ತೇನು ತಗೋಬೇಕು ಅಂತೀರಾ? ಇದು ನಮ್ಮ ಐವರ ಸ್ವಂತ ಸಾಮಾನು, ಒಬ್ಬರ ಮನೇಲಿರುತ್ತೆ. ನಾವು ಊರು ಬಿಟ್ರೆ ಸಾಮಾನೂ ಬಿಡುತ್ತೆ. ಸಂಘದ ಹೆಸರಲ್ಲಿ, ರಿಜಿಸ್ಟರಿಗೆ ಹತ್ತಿಸಿ, ಯಾರು ಬೇಕಾದ್ರೂ ಸಹಿ ಹಾಕಿ ತಗೊಂಡು ಹೋಗೋ ಹಂಗೆ ಒಂದು ಸೆಟ್ ಇರಬೇಕು ಅನ್ನೋದೇ ನನ್ನ ಮಾತು.

ಕೋಣೆ ಬಗ್ಗೆ. ಮೊದಲು ಅಂಬೇಡ್ಕರ್ ಭವನದಲ್ಲಿ ಮಾಡಿದ್ವಿ, ದೊಡ್ಡದಿದೆ ಅಂತ. ಬರೀ ಗೋಡೆ, ಟೈಲ್ಸ್ ನೆಲ. ಒಂದು ಪೆಟ್ಟು ಹೊಡೆದ್ರೆ ನಾಲ್ಕು ವಾಪಸ್ ಬರ್ತಿತ್ತು. ಆಮೇಲೆ ನಮ್ಮ ಮನೆಯ ಹತ್ತಕ್ಕೆ ಹನ್ನೆರಡರ ಕೋಣೆಗೇ ಬಂದ್ವಿ. ಗೋಡೆಗೆ ಹಗ್ಗ ಕಟ್ಟಿ ಕಂಬಳಿ, ಕೌದಿ, ಹಳೇ ಸೀರೆ ಎಲ್ಲ ಇಳಿಬಿಟ್ವಿ. ಮೂಲೆಗೆ ಹಾಸಿಗೆ ನಿಲ್ಲಿಸಿದ್ವಿ. ಕೌದಿ ಒಂದು ಸಲ ಎರಡು ಮಡಿಕೆ ಮಾಡಿ, ಗೋಡೆಗೆ ಅಂಟದ ಹಂಗೆ ಒಂದು ಗೇಣು ಈಚೆ ಬಿಟ್ಟು ನೋಡಿ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತೆ. ಶೀಟ್ ಮನೆಯವರು ಮಳೆಗಾಲದಲ್ಲಿ ರೆಕಾರ್ಡಿಂಗ್ ಇಟ್ಕೋಬೇಡಿ. ಫ್ಯಾನ್ ಆಫ್, ಫೋನ್ ಎಲ್ಲ ಫ್ಲೈಟ್ ಮೋಡ್, ಫ್ರಿಡ್ಜ್ ಆಫ್. ಆಫ್ ಮಾಡಿದ ಫ್ರಿಡ್ಜ್ ಒಳಗೆ ಬೈಕ್ ಕೀ ಇಡಿ, ಮನೆಗೆ ಹೊರಡೋವಾಗ ಫ್ರಿಡ್ಜ್ ಆನ್ ಮಾಡೋದು ನೆನಪಾಗುತ್ತೆ. ಒಂದು ಸಲ ಮರೆತು ಮೂರು ಲೀಟರ್ ಹಾಲು ಹೋಯ್ತು, ಮನೆಯವರ ಹತ್ತಿರ ಬೈಸಿಕೊಂಡ ಮೇಲೆ ಕಲಿತ ವಿದ್ಯೆ ಇದು.

ತಂಡ ಕೂರಿಸೋದು ಹೆಂಗೆ? ನಾಲ್ಕು ತಮಟೆಗೆ ನಾಲ್ಕು ಮೈಕು ಬೇಡ. ಅರ್ಧಚಂದ್ರ ಮಾಡಿ ನಿಲ್ಲಿಸಿ, ಎರಡೆರಡು ತಮಟೆಗೆ ಒಂದು ಮೈಕು, ಎರಡು ಮೂರು ಅಡಿ ದೂರ. ತೀರಾ ಹತ್ತಿರ ಇಟ್ರೆ ಕಡ್ಡಿಯ ಟಕ್ ಟಕ್ ಮಾತ್ರ ಬರುತ್ತೆ, ಚರ್ಮದ ಗುಮ್ಮು ಬರಲ್ಲ. ಮೈಕಿಗೂ ತಮಟೆಗೂ ಎಷ್ಟು ದೂರವೋ ಅದರ ಮೂರು ಪಾಲು ದೂರ ಮೈಕಿಗೂ ಮೈಕಿಗೂ ಇದ್ರೆ ಸದ್ದು ಗೋಜಲಾಗಲ್ಲ ಅಂತ ಒಂದು ಲೆಕ್ಕ ಇದೆ. ಸಣ್ಣ ಕೋಣೇಲಿ ಪೂರ್ತಿ ಆಗಲ್ಲ, ಆದಷ್ಟು ಪಾಲಿಸಿ. ಹಾಡೋರನ್ನ ಒಳಬಾಗಿಲ ಹೊಸಿಲಲ್ಲಿ, ತಮಟೆ ಕಡೆ ಮುಖ ಮಾಡಿ ನಿಲ್ಲಿಸಿ. ಆಗ ಅವರ ಮೈಕಿನ ಬೆನ್ನು ತಮಟೆಯವರ ಕಡೆಗಿರುತ್ತೆ. ಈ ಮೈಕುಗಳು ಮುಂದಿನದ್ದು ಕೇಳ್ತವೆ, ಬೆನ್ನ ಹಿಂದಿನದ್ದು ಬಹಳ ಕಮ್ಮಿ ಕೇಳ್ತವೆ. ಮೊದಲನೇ ಸಲ ಅತ್ತಿಗೆ ದನಿ ತಮಟೆಯ ಅಡಿ ಮುಳುಗದೆ ಬಂದಾಗ, ಹೆಡ್‌ಫೋನ್ ಹಾಕ್ಕೊಂಡು ಕೇಳಿ ಅವರು ಅಂದಿದ್ದು, "ಇದು ನನ್ ದನಿನಾ?" ಇಪ್ಪತ್ತು ವರ್ಷದಿಂದ ಮೆರವಣಿಗೇಲಿ ಹಾಡಿದವರು ತಮ್ಮ ದನಿಯನ್ನ ತಾವೇ ಸರಿಯಾಗಿ ಕೇಳಿರಲಿಲ್ಲ.

ತಮಟೆ ಮೊದಲು ಬಾರಿಸಿ, ಹಾಡು ಆಮೇಲೆ ಸೇರಿಸಿ ಅಂತ ಕೆಲವರು ಹೇಳ್ತಾರೆ. ಕೇಳೋಕೆ ಸುಲಭ. ನಮ್ಮ ಹಾಡಿಗೆ ಅದು ಆಗಿಬರಲ್ಲ. ಹಾಡೋರು ಒಂದು ಸಾಲನ್ನ ಎಳೆದ್ರೆ ತಮಟೆ ಕಾಯುತ್ತೆ, ಘೋಷಣೆಗೆ ಬಂದ್ರೆ ತಮಟೆ ಓಡುತ್ತೆ. ಒಬ್ಬರ ಮುಖ ಒಬ್ಬರು ನೋಡ್ತಾ ಆಗೋ ಕೆಲಸ. ಸ್ವಲ್ಪ ಸದ್ದು ಒಂದರೊಳಗೊಂದು ಸೇರಿದ್ರೂ ಪರವಾಗಿಲ್ಲ, ಒಟ್ಟಿಗೇ ಮಾಡಿ.

ಬೆಂಕಿ ಮರೀಬೇಡಿ. ಅಂಗಳದಲ್ಲಿ ಹುಲ್ಲು, ರಟ್ಟು ರೆಡಿ ಇಟ್ಟು, ಎರಡು ಹಾಡಿಗೊಂದು ಸಲ ತಮಟೆ ಕಾಯಿಸಿಕೊಳ್ಳಿ. ಕಾಯಿಸಿದ ಕೂಡಲೇ ಹಾಡು ಶುರು ಮಾಡಿ. ಫೈಬರ್ ತಮಟೆಗೆ ಈ ತಾಪತ್ರಯ ಇಲ್ಲ, ಆದರೆ ಅದರ ಸದ್ದೇ ಬೇರೆ, ಕೀಚು. ಎರಡೂ ಇದ್ದೋರು ಎರಡನ್ನೂ ರೆಕಾರ್ಡ್ ಮಾಡಿ ಕೇಳಿ, ನೀವೇ ತೀರ್ಮಾನ ಮಾಡಿ.

ಇಲ್ಲಿ ಒಂದು ದೊಡ್ಡ ತಕರಾರು ಬರುತ್ತೆ, ಅದಕ್ಕೂ ಉತ್ತರ ಕೊಡಬೇಕು. ನಮ್ಮ ಚಳವಳಿಯಲ್ಲೇ ಹಿರಿಯರು ಕೇಳ್ತಾರೆ: "ತಮಟೆ ಬಡಿಯೋದು ಬಿಡಿ ಅಂತ ನಾವು ಹೋರಾಟ ಮಾಡಿದ್ವಿ. ಹೆಣದ ಮುಂದೆ ಬಿಟ್ಟಿ ಬಾರಿಸಿದ್ದು ಸಾಲದಾ? ಈಗ ಅದನ್ನ ರೆಕಾರ್ಡ್ ಬೇರೆ ಮಾಡಬೇಕಾ?" ಅವರ ನೋವು ನನಗೆ ಗೊತ್ತು. ನಾನೇ ಪಟ್ಟಣದಲ್ಲಿ ಬಾಡಿಗೆ ಮನೇಲಿದ್ದಾಗ ತಮಟೆನ ಗೋಡೆಗೆ ನೇತುಹಾಕೋಕೆ ಹೆದರಿ ಮಂಚದ ಕೆಳಗೆ, ಚಾಪೇಲಿ ಸುತ್ತಿ ಇಟ್ಟಿದ್ದೆ. ನೋಡಿದವರು ಮನೆ ಖಾಲಿ ಮಾಡಿ ಅಂತಾರೆ ಅನ್ನೋ ಭಯ. ಊರಗೌಡ ಕರೆದ ಅಂತ, ಬರದಿದ್ರೆ ಬಹಿಷ್ಕಾರ ಅಂತ ಹೆದರಿ ಬಾರಿಸೋದು ಬಿಟ್ಟಿ ಚಾಕರಿ. ಅದನ್ನ ಬಿಡಲೇಬೇಕು, ಇವತ್ತೂ ಬಿಡದ ಊರಿದ್ರೆ ಬಿಡಿಸಬೇಕು. ಆದರೆ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ದಿನಗಳಿಂದ ಇಲ್ಲಿವರೆಗೂ ನಮ್ಮ ಜಾಥಾಗಳ ಮುಂದೆ ಹೋಗಿದ್ದು ಇದೇ ತಮಟೆ, ಇದೇ ಹೋರಾಟದ ಹಾಡು. ಕೋಲಾರದ ಕಡೆಯಿಂದ ಬಂದ ಹಾಡುಗಾರರನ್ನ ಕೇಳಿ ಸಂಘಟನೆಗೆ ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಚೆನ್ನೈನಲ್ಲಿ ಪಾ. ರಂಜಿತ್ ಅವರ ಪ್ರೋತ್ಸಾಹದಲ್ಲಿ ಶುರುವಾದ ಕಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಸಾವಿನ ಮನೆಯ ಗಾನಾ ಹಾಡನ್ನೇ, ಪರೆಯನ್ನೇ 2018ರಲ್ಲಿ ದೊಡ್ಡ ವೇದಿಕೆಗೆ ತಂತು. ವಾದ್ಯದ ಮೇಲೆ ಮೈಲಿಗೆ ಇರಲ್ಲ. ಯಾರು ಕರೆದ್ರು, ಯಾರಿಗೋಸ್ಕರ ಬಾರಿಸಿದ್ವಿ ಅನ್ನೋದೇ ಪ್ರಶ್ನೆ. ರೆಕಾರ್ಡಿಂಗಲ್ಲೂ ಅದೇ ಪ್ರಶ್ನೆ, ಅದಕ್ಕೇ ಯಂತ್ರ ನಮ್ಮದಾಗಿರಲಿ ಅನ್ನೋದು.

ರೆಕಾರ್ಡ್ ಆದ ಮೇಲಿನ ಕೆಲಸ ಕಮ್ಮಿ ಅಲ್ಲ. ಪ್ರತಿ ರೆಕಾರ್ಡಿಂಗ್ ಶುರುವಲ್ಲಿ ಒಬ್ಬರು ದನಿಯಲ್ಲೇ ಹೇಳಿ: ತಾರೀಕು, ಊರು, ಹಾಡು ಯಾರು ಬರೆದದ್ದು, ಯಾರು ಹಾಡ್ತಿದಾರೆ, ತಮಟೆ ಯಾರ್‍ಯಾರದ್ದು. ಕಾಗದ ಕಳೆದ್ರೂ ದನಿಯೊಳಗೆ ಹೆಸರು ಇರುತ್ತೆ. ನಮ್ಮ ಹಿರಿಯರ ಎಷ್ಟೋ ಹಾಡಿಗೆ "ಜನಪದ" ಅಂತ ಬರೆದು ಹೆಸರು ಮುಚ್ಚಿಬಿಟ್ಟಿದಾರೆ. ನಾವೂ ಅದನ್ನೇ ಮಾಡೋದು ಬೇಡ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ, ಇದರಿಂದ ದುಡ್ಡು ಬಂದ್ರೆ ಯಾರಿಗೆ ಎಷ್ಟು ಪಾಲು ಅಂತ. ಎಲ್ರಿಗೂ ಓದಿ ಹೇಳಿ, ಆಮೇಲೆ ಸಹಿ. ಓದಿ ಹೇಳದೆ ಸಹಿ ಹಾಕಿಸಿಕೊಂಡ್ರೆ ನಮಗೂ ಆ ಸ್ಟುಡಿಯೋಗೂ ವ್ಯತ್ಯಾಸ ಇಲ್ಲ.

ವೇವ್ ಫೈಲನ್ನೇ ಮೂಲ ಅಂತ ಇಟ್ಕೊಳ್ಳಿ. ವಾಟ್ಸಾಪಲ್ಲಿ ಕಳಿಸೋಕೆ ಎಂಪಿ3 ಮಾಡಿ, ಆದರೆ ಮೂಲ ಅಳಿಸಬೇಡಿ. ನಾಲ್ಕು ಮೈಕು ಒಂದು ಗಂಟೆ ರೆಕಾರ್ಡ್ ಮಾಡಿದ್ರೆ ಸುಮಾರು 2 ಜಿಬಿ ಆಗುತ್ತೆ, ಅಷ್ಟೇ. ಎರಡು ಡಿಸ್ಕಲ್ಲಿ, ಎರಡು ಮನೇಲಿ ಇಡಿ. ಸದ್ದು ಹೊಂದಿಸೋಕೆ ಅಡಾಸಿಟಿ ಪುಕ್ಕಟೆ ಸಿಗುತ್ತೆ. ರೀಪರ್ ಅಂತ ಇನ್ನೊಂದಿದೆ, 60 ದಿನ ಬಳಸಿ ನೋಡಿ ಆಮೇಲೆ ಕೊಳ್ಳಬಹುದು. ಕಲಿಯೋಕೆ ನಮ್ಮ ಹುಡುಗರಿಗೆ ಒಂದು ವಾರ ಸಾಕು. ನನಗೆ ಮೂರು ತಿಂಗಳು ಹಿಡೀತು.

ಮುಗಿಸೋ ಮುಂಚೆ ಮುಂಬೈನ ವಿಲಾಸ್ ಘೋಗ್ರೆ ಅವರನ್ನ ನೆನೆಸಿಕೊಳ್ತೀನಿ. ದಲಿತ ಕವಿ, ಹಾಡುಗಾರ. 1997ರ ಜುಲೈಯಲ್ಲಿ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಅವಮಾನ ಮಾಡಿದ್ದನ್ನ ವಿರೋಧಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಜನ ಸತ್ತರು. ಆ ನೋವಲ್ಲಿ ಘೋಗ್ರೆ ಪ್ರಾಣ ಕಳ್ಕೊಂಡರು. ಅವರ ದನಿ ಇವತ್ತಿಗೂ ನಾವು ಕೇಳಬಹುದು. ಯಾಕೆ? ಅದಕ್ಕೂ ಹನ್ನೆರಡು ವರ್ಷ ಮುಂಚೆ, 1985ರಲ್ಲಿ, ಆನಂದ್ ಪಟವರ್ಧನ್ ತಮ್ಮ ಮುಂಬೈ ಕೊಳೆಗೇರಿಯ ಸಾಕ್ಷ್ಯಚಿತ್ರಕ್ಕೆ ಅವರ ಹಾಡು ಚಿತ್ರೀಕರಿಸಿದ್ದರು. ಆಮೇಲೆ ಅದು 'ಜೈ ಭೀಮ್ ಕಾಮ್ರೇಡ್' ಸಿನಿಮಾಕ್ಕೂ ಬಂತು. ಒಬ್ಬ ಸ್ನೇಹಿತನ ಕೈಲಿ ಮೈಕು ಇತ್ತು, ಅದಕ್ಕೆ ಉಳೀತು. ನಮ್ಮ ಚಿಕ್ಕಪ್ಪನ ಮುಂದೆ ಅಂಥ ಸ್ನೇಹಿತ ಇರಲಿಲ್ಲ. ಮನೇಲೇ ಇದ್ದ ನಾನು, ನಾಳೆ ಮಾಡೋಣ ಅಂತ ಬಿಟ್ಟೆ.

ಹುಡುಗರ ಕುಣಿತಕ್ಕೆ ನಾನು ವಿರೋಧಿ ಅಲ್ಲ. ಜಯಂತಿ ದಿನ ಕುಣೀಬೇಕು, ನಾನೂ ಕುಣೀತೀನಿ. ತಮಟೆಗೆ ಕುಣಿಯೋಣ ಅಂತೀನಿ. ಒಂದು ವರ್ಷ ಡಿಜೆ ಬಿಟ್ಟು ನೋಡಿ. ಗಾಡಿ ಮಾರನೇ ದಿನ ಬೆಳಿಗ್ಗೆ ಹೊರಟು ಹೋಗುತ್ತೆ, ರೆಕಾರ್ಡರ್ ಊರಲ್ಲೇ ಇರುತ್ತೆ.

ಮುಂದಿನ ಭಾನುವಾರ ಮತ್ತೆ ಸಭೆ ಇದೆ. ಆ ಪ್ರಶ್ನೆ ಕೇಳಿದ ತಮ್ಮನೂ ಬರ್ತಾನೆ. ರೆಕಾರ್ಡರ್ ತಂದು ಅವನ ಕೈಗೇ ಕೊಡ್ತೀನಿ. ನಮ್ಮ ಕೇರೀಲಿ ತಮಟೆ ಹಿಡಿಯೋ ಎಪ್ಪತ್ತು ದಾಟಿದವರು ಇನ್ನು ಇಬ್ಬರು ಇದಾರೆ. ಅವನು ಅವರ ಮನೆಯಿಂದಲೇ ಶುರು ಮಾಡಲಿ.

ನಿಮ್ಮ ತಂಡದಲ್ಲಿ ಏನು ಸಾಮಾನು ಇದೆ, ಏನು ತೊಂದರೆ ಬಂತು ಅಂತ ಕೆಳಗೆ ಬರೀರಿ. ನನಗೆ ಗೊತ್ತಿದ್ದಷ್ಟು ಹೇಳ್ತೀನಿ. ಹತ್ತಿರದ ಊರಿನವರಾದ್ರೆ ಶನಿವಾರ ಭಾನುವಾರ ನಮ್ಮ ಸಾಮಾನು ತಗೊಂಡು ನಾನೇ ಬರ್ತೀನಿ. ಬಸ್ ಚಾರ್ಜು, ಊಟ ಸಾಕು. ಕಂಬಳಿ, ಕೌದಿ ನಿಮ್ಮ ಮನೇದು.

ಜೈ ಭೀಮ್.